ಹೂಮಳೆಯ ತಿಂಗಳಲ್ಲಿ ಪ್ಯಾರಿಸ್

ಜಾವಳಿ
16 ಜನವರಿ 2025

ಮಗಳು ಮಾಲವಿಕಾಗೆ ಅಪ್ಪನ ಆಶೀರ್ವಾದ.

'ಉಭಯ ಕುಶಲೋಪರಿ' ಎಂದು ಬರೆಯುವುದಿಲ್ಲ. ಕುಶಲವಿದ್ದಿದ್ದರೆ ಕೊಯ್ಲಿನ ನಡುವೆ ಕೂತು ಕಾಗದ ಬರೆಯುವ ಕೆಲಸ ನನಗೇಕಿತ್ತು? ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ನಾಳೆ ನೀನು 'ನಾನು ಹಾಗೆ ಹೇಳಲೇ ಇಲ್ಲ ಅಪ್ಪ' ಎಂದರೆ ನನ್ನ ಹತ್ತಿರ ಆಧಾರ ಏನಿದೆ? ಆದ್ದರಿಂದ ಬರಹದಲ್ಲಿ ಕೇಳುತ್ತೇನೆ, ಬರಹದಲ್ಲೇ ಉತ್ತರ ಕೊಡು. ಕಳಸದ ಬಸ್ಸಿನ ಕಂಡಕ್ಟರ್ ಗುರುವಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿದ್ದೇನೆ. ಸಹಿ ಹರಿದಿದೆಯೋ ಇಲ್ಲವೋ ಅವನೆದುರೇ ನೋಡು.

ಸಂಕ್ರಾಂತಿಗೆ ಬಂದವಳು ಎಳ್ಳುಬೆಲ್ಲದ ಜೊತೆ ಒಂದು ಬಣ್ಣದ ಪುಸ್ತಕವನ್ನೂ ನಿನ್ನ ಅಮ್ಮನ ಕೈಗಿಟ್ಟು ಹೋದೆ. ನಿನ್ನ ಟ್ರಾವೆಲ್ ಆಫೀಸಿನಿಂದ ಏಪ್ರಿಲ್ ಕೊನೆಯಲ್ಲಿ ಯುರೋಪ್ ಪ್ರವಾಸ. ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ವಿಯೆನ್ನಾ, ರೋಮ್. 'ಅಮ್ಮನ್ನ ಕರ್ಕೊಂಡು ಹೋಗ್ತೀನಿ, ನೀವೂ ಬನ್ನಿ ಅಪ್ಪ' ಅಂದೆ. ಆಗ ನನ್ನ ಬಾಯಲ್ಲಿ ಕಬ್ಬಿತ್ತು, ಏನೂ ಹೇಳಲಾಗಲಿಲ್ಲ. ಈಗ ಬಾಯಿ ಖಾಲಿ ಇದೆ.

ಏಪ್ರಿಲ್ ಎಂದು ನಿನಗೆ ಹೇಳಿದವರು ಯಾರು? ನೀನು ಹುಟ್ಟಿ ಬೆಳೆದದ್ದು ಕಾಫಿ ತೋಟದಲ್ಲಿ. ಮಾರ್ಚ್, ಏಪ್ರಿಲ್ ಎಂದರೆ ಹೂಮಳೆಯ ಕಾಲ. ಮಳೆ ಬಂದು ಮೊಗ್ಗು ಅರಳಿದರೆ ಸರಿ. ಬಾರದಿದ್ದರೆ ಹಳ್ಳಕ್ಕೆ ಪಂಪು ಇಟ್ಟು ಗಿಡದ ಮೇಲೆ ಸ್ಪ್ರಿಂಕ್ಲರ್ ಹಾರಿಸಬೇಕು. ಹೂವು ಅರಳಿದ ಮೇಲೆ ಕಾಯಿ ನಿಲ್ಲುವುದಕ್ಕೆ ಇನ್ನೊಂದು ಮಳೆ ಬೇಕು. ಒಂದು ವಾರ ಹೆಚ್ಚುಕಡಿಮೆಯಾದರೆ ಇಡೀ ವರ್ಷದ ಬೆಳೆ ಕೈಬಿಟ್ಟಂತೆ. ಆ ತಿಂಗಳಲ್ಲಿ ಈ ಸೀಮೆಯ ಯಾವ ಬೆಳೆಗಾರನೂ ಮೂಡಿಗೆರೆಯಾಚೆ ಮದುವೆಗೂ ಹೋಗುವುದಿಲ್ಲ. ಇದೆಲ್ಲ ಗೊತ್ತಿದ್ದೂ 'ನೀವೂ ಬನ್ನಿ' ಎನ್ನುತ್ತೀಯಲ್ಲ, ಹೂಮಳೆಯ ಹೊತ್ತಿಗೆ ನಾನು ತೋಟದಲ್ಲಿ ಇಲ್ಲದಿದ್ದರೆ ಯಾರಿಗೆ ಲಾಭ?

ಹೆಸರು ಹೇಳುವುದಿಲ್ಲ. ಹಳ್ಳ ಒಂದೇ, ಪಂಪು ಎರಡು. ಆಚೆ ದಡದ ಪಂಪು ಯಾರದು ಎಂದು ನಿನಗೂ ಗೊತ್ತು.

ಯಾವ ಊರಿಗೆ ಯಾವ ಕಾಲ ಒಳ್ಳೆಯದು, ಯಾಕೆ, ಎಲ್ಲವನ್ನೂ ಬಿಡಿಸಿ ಬರೆ.

ಕಾಯುತ್ತಿರುವ ಮತ್ತು ಗಮನಿಸುತ್ತಿರುವ,
ನಿನ್ನ ಅಪ್ಪ
ರಮಾಕಾಂತ


ಚಿಕ್ಕಮಗಳೂರು
22 ಜನವರಿ 2025

ಪ್ರೀತಿಯ ಅಪ್ಪ, ನಮಸ್ಕಾರ.

ಸಹಿ ಹರಿದಿರಲಿಲ್ಲ. ಗುರುವಯ್ಯನವರ ಎದುರೇ ಬೆಳಕಿಗೆ ಹಿಡಿದು ನೋಡಿದೆ. 'ಎಂಥ ಮೇಡಂ, ಒಳಗೆ ಚಿನ್ನ ಉಂಟಾ?' ಅಂತ ಕೇಳಿದರು. 'ಇಲ್ಲ, ಅನುಮಾನ ಉಂಟು' ಅಂದೆ.

ನೀವು ಕೇಳಿದ ಹಾಗೆ ಬಿಡಿಸಿ ಬರೆಯುತ್ತೇನೆ. ಆಮ್‌ಸ್ಟರ್‌ಡ್ಯಾಮ್‌ಗೆ ಏಪ್ರಿಲ್ ಎಂದರೆ ನಮಗೆ ಕಾಫಿ ಹೂವು ಬಿಟ್ಟ ವಾರ ಇದ್ದ ಹಾಗೆ. ಊರಾಚೆ ಟ್ಯುಲಿಪ್ ಹೊಲಗಳಿವೆ. ಏಪ್ರಿಲ್ ನಡುವಿನಿಂದ ಮೇ ಮೊದಲ ವಾರದವರೆಗೆ ಅಲ್ಲಿ ಹೂವು. ಆಮೇಲೆ ಹೋದರೆ ನೋಡಲು ಸಿಗುವುದು ಗಡ್ಡೆ ಮಾತ್ರ. ಪ್ಯಾರಿಸ್‌ಗೆ ಏಪ್ರಿಲ್‌ನಿಂದ ಜೂನ್ ಒಳ್ಳೆಯದು, ಬಿಟ್ಟರೆ ಸೆಪ್ಟೆಂಬರ್. ಏಪ್ರಿಲ್‌ನಲ್ಲಿ ಮರಗಳು ಆಗಷ್ಟೇ ಚಿಗುರಿರುತ್ತವೆ, ಹಗಲು ಉದ್ದ. ನಡುನಡುವೆ ತುಂತುರು ಹನಿಯುತ್ತದೆ, ಜಾವಳಿಯವರಿಗೆ ಅದು ಮಳೆಯೇ ಅಲ್ಲ. ರೋಮ್ ಬೇಸಿಗೆಯಲ್ಲಿ ಕಾದ ಹೆಂಚು, ಏಪ್ರಿಲ್‌ನಲ್ಲಿ ಹೋದರೆ ಹಿತ. ವಿಯೆನ್ನಾ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಸಂತೆಗೆ ಚಂದ, ಆದರೆ ಸಂಜೆಗೆ ಮೊದಲೇ ಕತ್ತಲು, ಮೇಲೆ ಹಿಮ. ಅಮ್ಮನ ಮಂಡಿಗೆ ಆಗುವುದಿಲ್ಲ. ನಾಲ್ಕೂ ಊರನ್ನು ಒಂದೇ ಸಲ ಸುತ್ತಬೇಕಾದರೆ ಏಪ್ರಿಲ್ ಕೊನೆಯೇ ಸರಿ.

ಯಾರೂ ನನಗೆ ಹೇಳಿಕೊಟ್ಟಿಲ್ಲ ಅಪ್ಪ. ಇದೇ ನನ್ನ ಹೊಟ್ಟೆಪಾಡು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಈ ಜಿಲ್ಲೆಯಿಂದ ಒಂದು ಗುಂಪನ್ನು ಕರೆದುಕೊಂಡು ಹೋಗುತ್ತೇನೆ. ಮೊಸರಿನಲ್ಲಿ ಕಲ್ಲು ಹುಡುಕಬೇಡಿ.

ನೀವು ಬರುವುದಾದರೆ ಖಂಡಿತ ಬನ್ನಿ. ಬರಲು ಆಗದಿದ್ದರೆ ಬೇಸರ ಮಾಡಿಕೊಳ್ಳುವುದಿಲ್ಲ. ತೋಟದ ಕಷ್ಟ ನಮಗೂ ಗೊತ್ತು.

ಪ್ರೀತಿಯಿಂದ,
ಮಾಲವಿಕಾ


ಜಾವಳಿ
4 ಫೆಬ್ರವರಿ 2025

ಮಗಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಹಲವು ಸಲ ಓದಿದೆ. ಓದಲು ಚೆನ್ನಾಗಿದೆ. ಚೆನ್ನಾಗಿರುವುದೇ ನನಗೆ ಹಿಡಿಸಲಿಲ್ಲ. ತಟ್ಟನೆ ಬಂದ ಉತ್ತರಕ್ಕೂ ತಯಾರು ಮಾಡಿಟ್ಟ ಉತ್ತರಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ಮುದುಕನಾಗಿಲ್ಲ ನಾನು.

ಮೊದಲನೆಯ ಪ್ರಶ್ನೆ. ಜುಲೈ, ಆಗಸ್ಟ್ ಯಾಕೆ ಬೇಡ? ಆಗ ಇಲ್ಲಿ ಮಳೆ ಹೊಯ್ಯುತ್ತಿರುತ್ತದೆ, ಬೆಳೆಗಾರನಿಗೆ ಕೊಡೆ ಹಿಡಿದು ಕೂರುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ಟಿ.ವಿ.ಯಲ್ಲಿ ನೋಡುತ್ತೇನೆ, ಜನ ಯುರೋಪಿಗೆ ಹೋಗುವುದೇ ಆಗ. ಅವರಿಗೆಲ್ಲ ಒಳ್ಳೆಯದಾದ ಕಾಲ ನಿನ್ನ ಅಮ್ಮನಿಗೆ ಮಾತ್ರ ಯಾಕೆ ಆಗುವುದಿಲ್ಲ?

ಎರಡನೆಯದು ಇದಕ್ಕಿಂತ ದೊಡ್ಡದು. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಜಯಪ್ರಕಾಶ್ ಮೊನ್ನೆ ಕಾಫಿ ಲೋಡಿನ ಜೊತೆ ಚಿಕ್ಕಮಗಳೂರಿಗೆ ಬಂದಿದ್ದ. ಪಕ್ಕದ ತೋಟದ ಚನ್ನಕೇಶವ ನಿನ್ನ ಆಫೀಸಿನ ಮೆಟ್ಟಿಲು ಇಳಿಯುತ್ತಿದ್ದನಂತೆ. ಹೆಸರು ಹೇಳುವುದಿಲ್ಲ ಎಂದಿದ್ದೆ, ಈಗ ಹೇಳದೆ ವಿಧಿಯಿಲ್ಲ. ಬೇಸಿಗೆಯಲ್ಲಿ ಹಳ್ಳದ ನೀರಿಗೆ ನನಗೂ ಅವನಿಗೂ ಪ್ರತಿ ವರ್ಷ ಜಟಾಪಟಿ. ಯಾರು ಮೊದಲು ಪಂಪು ಇಡುತ್ತಾರೋ ಅವರ ತೋಟ ಹೂವಿನಿಂದ ಬೆಳ್ಳಗಾಗುತ್ತದೆ, ಇನ್ನೊಬ್ಬ ಆಕಾಶ ನೋಡಿಕೊಂಡು ಕೂರಬೇಕು. ಹಿಂಡಿ ತೆಗೆದರೂ ಒಂದು ಹನಿ ನೀರು ಬಿಡದ ಮನುಷ್ಯ ಅವನು.

ನಿನ್ನೆ ದಾರಿಯಲ್ಲಿ ಸಿಕ್ಕಿದ. ಜೀಪು ನಿಲ್ಲಿಸಿ ಕೇಳಿದ ಮೊದಲ ಮಾತೇ, 'ಏಪ್ರಿಲಲ್ಲಿ ನೀವು ಊರಲ್ಲಿರ್ತೀರಾ, ಹೋಗೂದು ಗ್ಯಾರಂಟಿಯಾ ಮಾರಾಯ್ರೆ?'

ಅವನಿಗೇಕೆ ನನ್ನ ಏಪ್ರಿಲ್? ಅವನಿಗೂ ನಿನಗೂ ಏನು ಮಾತಾಯಿತು? ಬರಹದಲ್ಲಿ ತಿಳಿಸು.

ನಿನ್ನ ಅಪ್ಪ


ಚಿಕ್ಕಮಗಳೂರು
10 ಫೆಬ್ರವರಿ 2025

ಅಪ್ಪ,

ಜುಲೈ, ಆಗಸ್ಟಿನಲ್ಲಿ ಜನ ಹೋಗುವುದು ಅಲ್ಲಿನ ಕಾಲ ಒಳ್ಳೆಯದೆಂದಲ್ಲ, ಅವರ ಮಕ್ಕಳಿಗೆ ಶಾಲೆಗೆ ರಜೆ ಎಂದು. ಆ ಎರಡು ತಿಂಗಳು ರೋಮ್‌ನಲ್ಲಿ ಕಲ್ಲು ಕಾದಿರುತ್ತದೆ. ಹಳೆಯ ಹೋಟೆಲುಗಳಲ್ಲಿ ಫ್ಯಾನ್ ಕೂಡ ಇರುವುದಿಲ್ಲ. ಆಗಸ್ಟಿನಲ್ಲಿ ಪ್ಯಾರಿಸ್ಸಿನವರೇ ಊರು ಬಿಟ್ಟು ರಜೆಗೆ ಹೋಗುತ್ತಾರೆ, ಎಷ್ಟೋ ಸಣ್ಣ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಉಳಿಯುವುದು ನಮ್ಮಂಥ ಪ್ರವಾಸಿಗಳು. ಎಲ್ಲಿ ನೋಡಿದರೂ ಸಾಲು. ಮುಂದಿನವರ ಬೆನ್ನು ನೋಡಲು ಅಮ್ಮ ಅಷ್ಟು ದೂರ ಯಾಕೆ ಬರಬೇಕು?

ಇನ್ನು ಚನ್ನಕೇಶವ ಮಾವನ ವಿಷಯ. ಆಫೀಸಿಗೆ ಯಾರು ಬಂದರು, ಯಾಕೆ ಬಂದರು ಎಂದು ನಾನು ಹೊರಗೆ ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಅವರು ನಿಮ್ಮ ಬಗ್ಗೆ ಎಷ್ಟು ಸಲ ಕೇಳಿದರೂ ನಾನು ಬಾಯಿ ಬಿಡಲಿಲ್ಲ, ಅಷ್ಟು ತಿಳಿದುಕೊಳ್ಳಿ.

ಕೊಯ್ಲು ಮುಗಿಯುತ್ತಾ ಬಂತೇ? ಬಿಸಿಲಿಗೆ ಟೋಪಿ ಹಾಕಿಕೊಳ್ಳಿ.

ಮಾಲವಿಕಾ


ಜಾವಳಿ
21 ಫೆಬ್ರವರಿ 2025

ಪುಟ್ಟೀ,

ಈ ಚೀಟಿಯನ್ನು ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬದ ಮುಚ್ಚಳದೊಳಗೆ ಇಟ್ಟು ಕಳಿಸುತ್ತಿದ್ದೇನೆ. ಎಣ್ಣೆ ತಾಗಿದ್ದರೆ ಬೈಯಬೇಡ. ನಿನ್ನ ಅಪ್ಪ ಡಬ್ಬವನ್ನು ಅಲ್ಲಾಡಿಸಿ ನೋಡಿದರು, ಮುಚ್ಚಳ ತೆಗೆಯಲಿಲ್ಲ.

ನಿನ್ನ ಅಪ್ಪನ ಬಗ್ಗೆ ಚನ್ನಕೇಶವ ಕೇಳಿದ ಎಂದು ನೀನು ಯಾಕೆ ಬರೆದೆ? ಅಂದಿನಿಂದ ಬೆಳಿಗ್ಗೆ, ಸಂಜೆ ಹಳ್ಳದ ಹತ್ತಿರ ಹೋಗಿ ನಿಲ್ಲುತ್ತಾರೆ. ಆಚೆ ದಡದಲ್ಲಿ ಅವನೂ ಬಂದು ನಿಲ್ಲುತ್ತಾನಂತೆ. ಮಾತಿಲ್ಲ, ಕತೆಯಿಲ್ಲ. ಊಟಕ್ಕೆ ಕೂತಾಗ 'ರೇವತಿ ನಿನ್ನ ಹತ್ರ ಏನಾದ್ರೂ ಹೇಳಿದ್ಲಾ?' ಎಂದು ಕೇಳುತ್ತಾರೆ. ಅವಳು ಚನ್ನಕೇಶವನ ಹೆಂಡತಿ ಎನ್ನುವುದಷ್ಟೇ ಇವರ ತಲೆಯಲ್ಲಿರುವುದು. ನಾನು ಸಾರು ಬಡಿಸುತ್ತೇನೆ.

ನೀನು ತಂದುಕೊಟ್ಟ ಶೂ ಹಾಕಿಕೊಂಡು ಅವರು ಇಲ್ಲದಾಗ ಕಾಫಿ ಒಣಗಿಸುವ ಕಣದಲ್ಲಿ ನಡೆಯುತ್ತಿದ್ದೇನೆ. ಮುದ್ದಮ್ಮ ಕಾಫಿ ಹರವುವುದನ್ನು ಬಿಟ್ಟು ನಕ್ಕಳು. 'ಎಲ್ಲಿಗೆ ಅಮ್ಮಾ ಹೊರಟದ್ದು?' ಎಂದು ಕೇಳಿದಳು. ಎಲ್ಲಿಗೋ ಹೊರಟಿದ್ದೇನೆ ಎಂದು ಹೇಳುವುದಕ್ಕೇ ಎಷ್ಟು ಖುಷಿಯಾಯಿತು ಗೊತ್ತೇ?

ಒಂದೇ ಕೇಳಿಕೊಳ್ಳುವುದು. ಏಪ್ರಿಲ್ ಬಿಟ್ಟುಕೊಡಬೇಡ. ಯಾಕೆ ಎಂದು ನಾನು ಹೇಳಿಲ್ಲ, ನೀನೂ ಕೇಳಿಲ್ಲ. ಅದು ಹಾಗೇ ಇರಲಿ.

ಎರಡು ದಿನದಿಂದ ಮೋಡ ಕಟ್ಟುತ್ತಿದೆ. ಈ ವರ್ಷ ಹೂಮಳೆ ಬೇಗ ಬಾರದೆ ಇರಲಿ ಎಂದು ದೇವರ ಮುಂದೆ ದೀಪ ಹಚ್ಚಿ ಬೇಡಿಕೊಂಡೆ. ಬೆಳೆಗಾರನ ಹೆಂಡತಿ ಬೇಡಿಕೊಳ್ಳುವ ಮಾತೇ ಇದು? ದೇವರು ಏನೆಂದುಕೊಂಡನೋ.

ಅಮ್ಮ


ಜಾವಳಿ
13 ಮಾರ್ಚ್ 2025

ಮುದ್ದಿನ ಮಗಳಿಗೆ ಅಪ್ಪನ ಅನಂತ ಆಶೀರ್ವಾದಗಳು.

ಬಂತು! ಹೋದ ವಾರ ಮಧ್ಯಾಹ್ನ ಗುಡುಗಿ, ಒಂದು ಇಂಚಿಗೂ ಮೇಲೆ ಹೊಯ್ಯಿತು. ಇವತ್ತು ತೋಟವೆಲ್ಲ ಹೂವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ, ಇದು ಮಾತ್ರ ಹಾಲೇ. ಇಷ್ಟು ಬೇಗ, ಇಷ್ಟು ಚೆನ್ನಾಗಿ ಹೂಮಳೆ ಬಂದದ್ದು ನೆನಪಿಲ್ಲ. ಪಂಪನ್ನು ಶೆಡ್ಡಿನಿಂದ ಹೊರಗೇ ತೆಗೆದಿಲ್ಲ. ಹಳ್ಳದ ನೀರನ್ನು ಚನ್ನಕೇಶವ ಬೇಕಾದರೆ ಕೊಡದಲ್ಲಿ ಹೊತ್ತುಕೊಂಡು ಹೋಗಲಿ.

ಇನ್ನು ಏಪ್ರಿಲ್ ಮೊದಲ ವಾರಕ್ಕೆ ಎರಡನೆಯ ಮಳೆ ಬಂದರೆ ಮುಗಿಯಿತು. ಬಾರದಿದ್ದರೂ ನೀರಿದೆ, ಜಯಪ್ರಕಾಶ್ ನೋಡಿಕೊಳ್ಳುತ್ತಾನೆ. ಅವನನ್ನು ನೋಡಿಕೊಳ್ಳಲು ಗುರುವಯ್ಯನ ಅಣ್ಣನಿಗೆ ಹೇಳಿದ್ದೇನೆ. ಆದ್ದರಿಂದ ಕೇಳು. ನಾನೂ ಬರುತ್ತೇನೆ. ನೀನು ಕರೆದೆಯಲ್ಲ, ನಿನ್ನ ಕಾಗದ ಇಲ್ಲೇ ಇದೆ. ನನ್ನ ಟಿಕೆಟ್ಟೂ ಮಾಡು.

ಕಿಟಕಿಯ ಸೀಟು ಬೇಡ. ಓಡಾಡುವ ದಾರಿಯ ಪಕ್ಕದ್ದು ಕೊಡು, ಮೇಲಿಟ್ಟ ಬ್ಯಾಗು ಕಣ್ಣಿಗೆ ಕಾಣಬೇಕು. ಮೂಡಿಗೆರೆಯಿಂದ ಚೈನು, ಬೀಗ ತರಿಸಿದ್ದೇನೆ. ಪ್ಯಾರಿಸ್‌ನಲ್ಲಿ ಜೇಬುಗಳ್ಳರು ಬಹಳವಂತೆ, ರೋಮ್‌ನಲ್ಲಿ ಕೇಳುವುದೇ ಬೇಡವಂತೆ. ಏನೂ ತೊಂದರೆಯಿಲ್ಲ. ನಾನು ಒಳಗೆ ಹೋಗಿ ನೋಡುವಾಗ ನಿನ್ನ ಅಮ್ಮ ಹೊರಗೆ ಬ್ಯಾಗು ನೋಡಿಕೊಳ್ಳುತ್ತಾಳೆ. ನಮಗೆ ಅದೆಲ್ಲ ರೂಢಿಯಾಗಿದೆ.

ಅವಳಿಗೂ ಹೇಳಿದೆ. 'ಹೌದಾ' ಅಂದು ಒಳಗೆ ಹೋದಳು. ಸಂತೋಷಕ್ಕೆ ಮಾತೇ ಹೊರಡಲಿಲ್ಲ ಎಂದು ಕಾಣುತ್ತದೆ.

ಹೊರಟು ನಿಂತಿರುವ,
ನಿನ್ನ ಅಪ್ಪ


ಚಿಕ್ಕಮಗಳೂರು
17 ಮಾರ್ಚ್ 2025

ಅಪ್ಪನಿಗೆ ನಮಸ್ಕಾರ.

ಹೂವು ಚೆನ್ನಾಗಿ ಬಂದದ್ದು ಕೇಳಿ ಸಂತೋಷವಾಯಿತು.

ಟಿಕೆಟ್ಟಿನ ವಿಷಯ. ಈ ಸಲ ಈಸ್ಟರ್ ಹಬ್ಬ ಏಪ್ರಿಲ್ ಇಪ್ಪತ್ತಕ್ಕೆ ಬಿದ್ದಿದೆ. ಆ ಸುತ್ತಮುತ್ತ ಅಲ್ಲಿ ವಿಪರೀತ ಜನ. ವಿಮಾನದಲ್ಲಿ ಸೀಟು ಸಿಗುವುದೂ ಕಷ್ಟ. ನಿಮಗೆ ತಂಪು ಆಗಿಬರುವುದಿಲ್ಲ, ಏಪ್ರಿಲ್‌ನಲ್ಲಿ ಇನ್ನೂ ಚಳಿ ಇರುತ್ತದೆ. ನಿಮಗೆ ಸೆಪ್ಟೆಂಬರ್ ಒಳ್ಳೆಯದು. ಆಗ ಇನ್ನೊಂದು ಗುಂಪು ಹೋಗುತ್ತದೆ, ಅದರಲ್ಲಿ ನಿಮಗೆ ಒಳ್ಳೆಯ ಜಾಗ ಇಡುತ್ತೇನೆ. ಈಗ ಅಮ್ಮ ಒಬ್ಬರು ನನ್ನ ಜೊತೆ ಬರಲಿ.

ಬೇಸರ ಮಾಡಿಕೊಳ್ಳಬೇಡಿ.

ಮಾಲವಿಕಾ


ಜಾವಳಿ
20 ಮಾರ್ಚ್ 2025

ಮಾಲವಿಕಾ,

ಜನವರಿಯಲ್ಲಿ ಏಪ್ರಿಲ್ ಒಳ್ಳೆಯದಿತ್ತು. ಫೆಬ್ರವರಿಯಲ್ಲೂ ಒಳ್ಳೆಯದಿತ್ತು. ನಾನು ಬರುತ್ತೇನೆ ಎಂದ ಕೂಡಲೇ ಜನಜಂಗುಳಿಯಾಯಿತು, ಚಳಿಯಾಯಿತು, ಸೀಟು ಇಲ್ಲದಾಯಿತು. ಪ್ಯಾರಿಸ್‌ನಲ್ಲಿ ಋತು ಬದಲಾಗುವುದು ಸೂರ್ಯನಿಂದಲೋ ರಮಾಕಾಂತನಿಂದಲೋ?

ನಾನು ಪೆದ್ದನಲ್ಲ. ನಿನ್ನ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಯೋಚಿಸಿದೆ. ನನ್ನನ್ನು ತೋಟದಿಂದ ಹೊರಗೆ ಹಾಕಲು ಏಪ್ರಿಲ್ ಆರಿಸಿದ್ದೀರಿ ಎಂದುಕೊಂಡಿದ್ದೆ. ಹಾಗಿದ್ದರೆ ಬರುತ್ತೇನೆ ಎಂದಾಗ ನೀವು ಕುಣಿಯಬೇಕಿತ್ತು. ಕುಣಿಯಲಿಲ್ಲ. ಅಂದರೆ ನಾನು ಬರುವುದೇ ನಿಮಗೆ ಬೇಕಿಲ್ಲ. ನಾನು ತೋಟದಲ್ಲೇ ಇರಬೇಕು, ನಿನ್ನ ಅಮ್ಮ ಮಾತ್ರ ಹೋಗಬೇಕು. ಯಾಕೆ? ಚನ್ನಕೇಶವನಿಗೆ ಇದರಿಂದ ಏನು ಸಿಗುತ್ತದೆ? ತಲೆ ಕೆರೆದು ಕೆರೆದು ಸಾಕಾಯಿತು, ಅವನ ಲೆಕ್ಕ ಹತ್ತುತ್ತಿಲ್ಲ.

ಹತ್ತುವವರೆಗೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ನಿನ್ನ ಅಮ್ಮನ ಪಾಸ್‌ಪೋರ್ಟು ಬೀರುವಿನಲ್ಲಿದೆ. ಬೀರುವಿನ ಬೀಗದ ಕೈ ನನ್ನ ಜನಿವಾರದಲ್ಲಿದೆ.

ರಮಾಕಾಂತ


ಚಿಕ್ಕಮಗಳೂರು
22 ಮಾರ್ಚ್ 2025

ರೀ,

ನಿಮ್ಮನ್ನು ಏನೆಂದು ಕರೆದು ಬರೆಯಬೇಕೋ ಗೊತ್ತಾಗಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ನಿಮಗೆ ಬರೆಯುವ ಮೊದಲ ಕಾಗದ ಇದು. ಮಗಳನ್ನು ನೋಡಿ ಬರುತ್ತೇನೆ ಎಂದು ನಿನ್ನೆ ಬಸ್ಸು ಹತ್ತಿದ್ದು ಇದನ್ನು ಬರೆಯುವುದಕ್ಕೇ. ಮನೆಯಲ್ಲಿ ಎದುರು ಕೂತು ಹೇಳಿದರೆ ನೀವು ಅರ್ಧಕ್ಕೇ ನಿಲ್ಲಿಸಿ 'ಇದನ್ನು ನಿನಗೆ ಹೇಳಿಕೊಟ್ಟವರು ಯಾರು?' ಎನ್ನುತ್ತೀರಿ.

ಯಾರೂ ಹೇಳಿಕೊಟ್ಟಿಲ್ಲ. ಏಪ್ರಿಲ್ ಆರಿಸಿದ್ದು ನಾನು. ನೀವು ಬರಬಾರದು ಎಂದೇ ಆರಿಸಿದ್ದು.

ಸಿಟ್ಟು ಮಾಡಿಕೊಳ್ಳಿ, ಆದರೆ ಕೊನೆಯವರೆಗೆ ಓದಿ. ನಾವು ಕಾಶಿಗೆ ಹೋದದ್ದು ನೆನಪಿದೆಯೇ? ಘಾಟಿನ ಮೇಲೆ ಬ್ಯಾಗುಗಳನ್ನು ಪೇರಿಸಿ, 'ಇದ್ರ ಮೇಲೆ ಕೂತ್ಕೋ, ಏಳ್ಬೇಡ, ಇಲ್ಲಿ ಎಲ್ಲರೂ ಕಳ್ಳರು' ಅಂದಿರಿ. ಕೂತೆ. ಮುಂದೆ ಜನ ನಿಂತಿದ್ದರು. ಅವರ ಕಾಲುಗಳ ನಡುವೆ ಒಂದು ತುಂಡು ನೀರು ಕಾಣುತ್ತಿತ್ತು. ನೀವು ಮುಳುಗೆದ್ದು ಬಂದು ಚೊಂಬಿನ ನೀರನ್ನು ನನ್ನ ತಲೆಗೆ ಚಿಮುಕಿಸಿ 'ಆಯ್ತು, ನಿಂದೂ ಆಯ್ತು' ಅಂದಿರಿ. ಅಷ್ಟೊತ್ತಿಗೆ ರೈಲಿಗೆ ಹೊತ್ತಾಗಿತ್ತು. ಊರಿಗೆ ಬಂದ ಮೇಲೆ ಎಲ್ಲರೂ ಗಂಗೆ ಹೇಗಿದ್ದಳು ಎಂದು ಕೇಳಿದರು. ನೀವು ಹೇಳುತ್ತಿದ್ದುದನ್ನೇ ಕೇಳಿ ಕೇಳಿ ನಾನೂ ಹೇಳಿದೆ.

ಮೈಸೂರು ಅರಮನೆಯ ಒಳಗೆ ಏನಿದೆ ನನಗೆ ಗೊತ್ತಿಲ್ಲ, ಹೊರಗಿನ ಬೆಂಚು ಗೊತ್ತು. ಹಂಪಿಯಲ್ಲಿ ಡ್ರೈವರನ ಮೇಲೆ ಅನುಮಾನ ಎಂದು ಕಾರಿನಲ್ಲೇ ಕೂರಿಸಿದಿರಿ. ಎಲ್ಲಿಗೆ ಹೋದರೂ ನಾನು ನೋಡಿದ್ದು ನಮ್ಮ ಬ್ಯಾಗನ್ನೇ. ಈಗ ಪ್ಯಾರಿಸ್‌ನಲ್ಲೂ ನಾನು ಹೊರಗೆ ಬ್ಯಾಗು ಕಾಯುವುದು ಎಂದು ನೀವು ಮಗಳಿಗೆ ಬರೆದಿರಂತೆ. ಅವಳೇ ಓದಿ ಹೇಳಿದಳು.

ನೀವು ಕೆಟ್ಟವರಲ್ಲ. ನನಗೆ ಟೈಫಾಯಿಡ್ ಬಂದಾಗ ಆಸ್ಪತ್ರೆಯ ನರ್ಸನ್ನೂ ನಂಬದೆ ಪ್ರತಿ ಮಾತ್ರೆಯ ಹೆಸರು ಓದಿ ನೀವೇ ಬಾಯಿಗೆ ಹಾಕಿದಿರಿ. ಆ ಅನುಮಾನವೂ ನಿಮ್ಮದೇ, ನಾನು ಮರೆತಿಲ್ಲ. ಆದರೆ ಒಂದೇ ಒಂದು ಸಲ, ಕೈ ಬೀಸಿಕೊಂಡು ನಡೆದು ಒಂದು ಊರನ್ನು ನೋಡಬೇಕು ಎನಿಸಿದೆ. ನನಗೂ ವಯಸ್ಸಾಗುತ್ತಿದೆ.

ಇನ್ನೊಂದು ವಿಷಯ. ಮಾಲವಿಕಾಳ ಏಪ್ರಿಲ್ ಗುಂಪಿನಲ್ಲಿ ಗಂಡಸರೇ ಇಲ್ಲ. ಕಾಫಿ ಸೀಮೆಯ ಹೆಂಗಸರಿಗೆ ಯುರೋಪಿನ ಒಳ್ಳೆಯ ಕಾಲ ಎಂದರೆ ಹೂಮಳೆಯ ಕಾಲವೇ, ಅದು ಅವಳಿಗೆ ಯಾವಾಗಲೋ ಗೊತ್ತಾಗಿದೆ. ರೇವತಿಯೂ ಬರುತ್ತಿದ್ದಾಳೆ. ಚನ್ನಕೇಶವ ಆಫೀಸಿಗೆ ಯಾಕೆ ಹೋಗಿದ್ದ ಎಂದು ಇನ್ನು ನೀವೇ ಊಹಿಸಿ.

ಬರುವ ಗುರುವಾರ ಬೆಂಗಳೂರಿನಲ್ಲಿ ವೀಸಾಕ್ಕೆ ಬೆರಳಚ್ಚು ಕೊಡಬೇಕು. ಪಾಸ್‌ಪೋರ್ಟು ಇಲ್ಲದೆ ಆಗುವುದಿಲ್ಲ. ಬೀರು ಒಡೆಯುವವಳು ನಾನಲ್ಲ. ನೀವು ಕೊಡದಿದ್ದರೆ ಶುಕ್ರವಾರದ ಬಸ್ಸಿಗೆ ಬಂದು ಎಂದಿನಂತೆ ಅಡುಗೆ ಮಾಡುತ್ತೇನೆ. ಆದರೆ ಆಮೇಲೆ ನೀವು ಎಲ್ಲಿಗೆ ಕರೆದರೂ ನಾನು ಬರುವುದಿಲ್ಲ, ಕಳಸದ ಸಂತೆಗೂ ಬರುವುದಿಲ್ಲ.

ಹುಳಿ ಫ್ರಿಜ್ಜಿನಲ್ಲಿದೆ. ಬಿಸಿ ಮಾಡಿಕೊಳ್ಳಿ.

ಸುಶೀಲಾ


ಜಾವಳಿ
25 ಮಾರ್ಚ್ 2025

ಸುಶೀಲಾಗೆ,

ನಿನ್ನ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ಸಿಟ್ಟಿನಿಂದ ಎಂದುಕೊಂಡೆ. ಮಾರನೆಯ ದಿನವೂ ಹಸಿವಾಗಲಿಲ್ಲ. ಆಗ ಸಿಟ್ಟಲ್ಲ ಎಂದು ತಿಳಿಯಿತು.

ನಿನ್ನೆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹಳ್ಳಕ್ಕೆ ಹೋದೆ. ಚನ್ನಕೇಶವ ಆಚೆ ದಡದಲ್ಲಿ ನಿಂತಿದ್ದ.

'ಎಂಥ ಮಾರಾಯ, ನನ್ ಮಗಳ ಆಫೀಸಲ್ಲಿ ನಿಂಗೆಂಥ ಕೆಲ್ಸ?' ಎಂದು ಕೇಳಿದೆ.

'ಅದನ್ನ ನಾನು ಕೇಳ್ಬೇಕು. ನಿಮ್ ಮಗಳು ನನ್ ಹೆಂಡ್ತೀನ ಏಪ್ರಿಲಲ್ಲೇ ಯಾಕೆ ಕರ್ಕೊಂಡು ಹೋಗೂದು? ನಾನೂ ಅವಳ ಹಿಂದೆ ಹೋಗ್ಲಿ, ಹಳ್ಳದ ನೀರೆಲ್ಲ ನಿಮ್ಗಾಗ್ಲಿ ಅಂತಲ್ವಾ? ನೀವು ಊರಲ್ಲೇ ಇರ್ತೀರಾ ಅಂತ ಕೇಳೂಕೆ ಹೋಗಿದ್ದೆ. ನಿಮ್ ಮಗಳು ಬಾಯಿ ಬಿಟ್ರೆ ತಾನೆ?'

ಇಷ್ಟು ದಿನ ನಾನು ಅವನನ್ನು ಕಾದೆ, ಅವನು ನನ್ನನ್ನು ಕಾದ. ನಡುವೆ ನೀರು ತನ್ನ ಪಾಡಿಗೆ ಹರಿದುಕೊಂಡು ಹೋಯಿತು. ನಾನು ಕಲ್ಲು ದಾಟಿ ಆಚೆ ಹೋದೆ. 'ನೀನು ರೇವತೀನ ಎಲ್ಲಿಗಾದ್ರೂ ಕರ್ಕೊಂಡು ಹೋಗಿದ್ಯಾ?' ಎಂದು ಕೇಳಿದೆ.

'ತಿರುಪತಿಗೆ ಹೋಗಿದ್ವು.'

'ಅವ್ಳು ಅಲ್ಲಿ ಎಂಥ ನೋಡಿದ್ಲು?'

ಅವನು ಬಗ್ಗಿ ಕಾಲಿನ ಕೆಸರು ಒರೆಸಿಕೊಂಡ. ಆಮೇಲೆ ಮೆಲ್ಲಗೆ, 'ಚಪ್ಪಲಿ' ಅಂದ.

ನಾವಿಬ್ಬರೂ ನಗಲಿಲ್ಲ.

ಮನೆಗೆ ಬಂದು, ಕಾಶಿಯಲ್ಲಿ ಆ ಬ್ಯಾಗುಗಳಲ್ಲಿ ಏನಿತ್ತು ಎಂದು ನೆನಪು ಮಾಡಿಕೊಂಡೆ. ನನ್ನ ಪಂಚೆ, ಒಂದು ಟವೆಲು, ನೀನು ಕಟ್ಟಿಕೊಂಡು ಬಂದಿದ್ದ ಅವಲಕ್ಕಿ. ಅವಲಕ್ಕಿ ಕಾಯಲು ನಿನ್ನನ್ನು ಕೂರಿಸಿ ನಾನು ಗಂಗೆಯಲ್ಲಿ ಮುಳುಗಿದೆ. ಪುಣ್ಯ ಯಾರಿಗೆ ಬಂತೋ ಗೊತ್ತಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಪಾಸ್‌ಪೋರ್ಟನ್ನು ಗುರುವಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನೇ ತರಬಹುದಿತ್ತು, ತಂದರೆ 'ನಾನೂ ಬರುತ್ತೇನೆ' ಎಂದುಬಿಡುತ್ತೇನೇನೋ ಎಂದು ಹೆದರಿಕೆ. ಲಕೋಟೆಗೆ ಅಂಟು ಹಾಕಿಲ್ಲ, ಸಹಿಯೂ ಇಲ್ಲ. ಬಸ್ಸು ತಿರುವು ದಾಟುವವರೆಗೆ ನಿಂತು ನೋಡುತ್ತೇನೆ, ಅದನ್ನು ಮಾತ್ರ ಬಿಡಲಾಗದು. ಹುಟ್ಟುಗುಣ ಸುಟ್ಟರೂ ಹೋಗದು.

ಒಂದು ಪ್ರಶ್ನೆ ಇದೆ. ಹೂವು, ನೀರು, ಚನ್ನಕೇಶವ ಎಲ್ಲ ಹೋದ ಮೇಲೆ ಉಳಿದದ್ದು ಇದೊಂದೇ. ಮೊದಲಿನಿಂದಲೂ ಇದೇ ಇತ್ತೋ ಏನೋ. ಬರಹದಲ್ಲಿ ಉತ್ತರ ಕೊಡು.

ನೀನು ವಾಪಸು ಬರುತ್ತೀ ತಾನೆ?

ನಿನ್ನ,
ರಮಾಕಾಂತ


ಪ್ಯಾರಿಸ್
29 ಏಪ್ರಿಲ್ 2025

ರೀ,

ಈ ಕಾರ್ಡು ಅಂಚೆಯಲ್ಲಿ ನನಗಿಂತ ತಡವಾಗಿ ಬರುತ್ತದಂತೆ. ಆದ್ದರಿಂದ ಮಾಲವಿಕಾ ಇದರ ಫೋಟೊ ತೆಗೆದು ಜಯಪ್ರಕಾಶನ ಮೊಬೈಲಿಗೆ ಕಳಿಸುತ್ತಾಳೆ. ಅಕ್ಷರ ನನ್ನದೇ, ಅನುಮಾನ ಬೇಡ.

ವೀಸಾಕ್ಕೆ ಹೋಗಿ ಬಂದ ಮೇಲೆ ಒಂದು ತಿಂಗಳು ಮನೆಯಲ್ಲಿ ಜೊತೆಗೇ ಇದ್ದೆವು. ನೀವು ಆ ಪ್ರಶ್ನೆ ಮತ್ತೆ ಕೇಳಲಿಲ್ಲ, ನಾನೂ ಉತ್ತರ ಹೇಳಲಿಲ್ಲ. ಹೊರಡುವ ದಿನ ನನ್ನ ಸೂಟ್‌ಕೇಸಿನ ಬೀಗವನ್ನು ನೀವೇ ಬಿಚ್ಚಿ ಜೇಬಿಗೆ ಹಾಕಿಕೊಂಡದ್ದನ್ನು ನೋಡಿದೆ.

ಮೊದಲು ಆಮ್‌ಸ್ಟರ್‌ಡ್ಯಾಮ್‌ಗೆ ಹೋದೆವು. ಟ್ಯುಲಿಪ್ ಹೊಲದ ಎದುರು ಬಸ್ಸು ಇಳಿದಾಗ ನಾನು ಮಾಡಿದ ಕೆಲಸ ಗೊತ್ತೇ? ಎಲ್ಲರ ಕೈಚೀಲ ಇಸಿದುಕೊಂಡು ಒಂದು ಕಡೆ ರಾಶಿ ಹಾಕಿ ಪಕ್ಕದಲ್ಲಿ ಕೂತೆ. ಯಾರೂ ಕೂರು ಎಂದಿರಲಿಲ್ಲ. ತಿರುಗಿ ನೋಡಿದರೆ ರೇವತಿ ಎಲ್ಲರ ಛತ್ರಿ ಹಿಡಿದುಕೊಂಡು ನಿಂತಿದ್ದಳು. ಮಾಲವಿಕಾ ಬಂದು ಇಬ್ಬರನ್ನೂ ಕೈ ಹಿಡಿದು ಕರೆದುಕೊಂಡು ಹೋದಳು. ಹೂವಿನ ನಡುವೆ ನಿಂತು ನನಗೆ ಅಳು ಬಂತು.

ಇವತ್ತು ಇಲ್ಲಿ ತುಂತುರು ಮಳೆ. ನದಿಯ ಮೆಟ್ಟಿಲ ಮೇಲೆ ಕೂತಿದ್ದೇನೆ. ಕೈಚೀಲ ಹೋಟೆಲಿನಲ್ಲಿದೆ. ನನ್ನ ಮುಂದೆ ಯಾರೂ ನಿಂತಿಲ್ಲ, ನದಿ ಪೂರ್ತಿ ಕಾಣುತ್ತಿದೆ. ಕಾಲಿಗೆ ನೀರು ತಾಗುವಷ್ಟು ಕೆಳಗೆ ಇಳಿದು ಬಂದೆ, ತಣ್ಣಗಿದೆ. ನೀವಿದ್ದಿದ್ದರೆ ಈ ನೀರಿಗೆ ಎಷ್ಟು ಜನ ಪಂಪು ಇಟ್ಟಿದ್ದಾರೆ ಎಂದು ಕೇಳುತ್ತಿದ್ದಿರಿ. ಅದನ್ನು ನೆನೆದು ಒಬ್ಬಳೇ ನಕ್ಕೆ.

ನೀವು ಬರಹದಲ್ಲಿ ಉತ್ತರ ಕೇಳಿದ್ದಿರಿ. ಇನ್ನೂ ಎರಡು ಊರು ನೋಡುವುದಿದೆ. ಎಂಟನೆಯ ತಾರೀಕು ಸಂಜೆ ಗುರುವಯ್ಯನ ಬಸ್ಸಿಗೆ ಬರುತ್ತೇನೆ. ಕೊಡೆ ತಂದು ಸ್ಟಾಪಿನಲ್ಲಿ ನಿಂತಿರಿ.

ಬ್ಯಾಗು ನೀವು ಹಿಡಿದುಕೊಳ್ಳಿ.

ಸುಶೀಲಾ